ಪಪ್ಪಿಗೆ ಗುಂಡಿ ತೋಡುವವರು ಯಾರು

ಮುದಿನಾಯಿ ತಾನಾಗಿ ಕಳೆದುಹೋಗುವುದಿಲ್ಲ. ಮನೆಯವರೇ ಒಯ್ದು ಕಳೆದು ಬರುತ್ತಾರೆ. ಮಧುಗಿರಿಯಿಂದ ಪಾವಗಡದವರೆಗೆ, ಶಿರಾದಿಂದ ಕೊರಟಗೆರೆಯವರೆಗೆ ಯಾವ ಊರಿನ ಅರಳಿಕಟ್ಟೆಯಲ್ಲಾದರೂ ಕೂತು ಕೇಳಿ ನೋಡಿ, ನಿಮ್ಮ ನಾಯಿ ಏನಾಯಿತು ಎಂದು. "ಎಲ್ಲೋ ಹೋಯ್ತು" ಎನ್ನುತ್ತಾರೆ. ಹುಟ್ಟಿದಾಗಿನಿಂದ ಬಾಗಿಲು ಬಿಟ್ಟು ಕದಲದ ನಾಯಿ, ಕಣ್ಣಿಗೆ ಪೊರೆ ಬಂದು ಹಿಂಗಾಲು ಬಿದ್ದುಹೋದ ಮೇಲೆ ಇದ್ದಕ್ಕಿದ್ದಂತೆ ಊರು ನೋಡಲು ಹೊರಟಿತಂತೆ. ಕೇಳಿದವರೂ ಹೌದೆಂದು ತಲೆಯಾಡಿಸುತ್ತಾರೆ. ಅವರ ಮನೆಯದೂ ಹಾಗೆಯೇ ಹೋಗಿರುತ್ತದೆ.

ಚನ್ನಮಲ್ಲಮ್ಮನ ಮನೆಯ ನಾಯಿಯೂ ಒಂದು ಶನಿವಾರ ಹೀಗೇ ಎಲ್ಲೋ ಹೋಗುವುದಿತ್ತು.

ಅವಳ ಊರು ಕೊಡಿಗೇನಹಳ್ಳಿ ದಾಟಿ ಹಿಂದೂಪುರದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಹೆಸರು ಬೇಡ. ಹೆಸರು ಹೇಳಿದರೆ ಉಳಿದ ಊರುಗಳೆಲ್ಲ ಉಸ್ಸಪ್ಪ ಎಂದು ಹಗುರಾಗಿಬಿಡುತ್ತವೆ. ಚನ್ನರಾಯನದುರ್ಗದ ಬೆಟ್ಟದ ಬುಡದಿಂದ ಸೊಸೆಯಾಗಿ ಬಂದ ಚನ್ನಮಲ್ಲಮ್ಮನಿಗೆ ಈಗ ಐವತ್ತು ದಾಟಿದೆ. ಗಂಡ ಮಹಾಲಿಂಗಯ್ಯನಿಗೆ ಬಸ್‌ ಸ್ಟಾಪಿನ ಎದುರು ಬೀಜ-ಗೊಬ್ಬರದ ಅಂಗಡಿ. ಬೆಳಗಿನ ಜಾವ ಡೈರಿಗೆ ಹಾಲು ಹಾಕಿ ಬರುವುದು, ಮನೆಗೆಲಸ ಮುಗಿಸುವುದು, ಮಧ್ಯಾಹ್ನ ಗಂಡ ಉಂಡು ಮಲಗಿದಾಗ ಗಲ್ಲಾದ ಹಿಂದೆ ಕೂರುವುದು, ಇದು ಅವಳ ದಿನ. ಆ ಹೊತ್ತಿಗೇ ಕಾದಿದ್ದು ಬರುವ ಗಿರಾಕಿಗಳಿದ್ದರು. "ಯಜಮಾನ್ರು ಮಲಗವ್ರಾ? ಒಳ್ಳೇದಾತು ಬುಡಿ, ಅಮ್ಮಾರಾದ್ರೆ ತಕ್ಕಡಿ ಒತ್ತಿ ತೂಗಲ್ಲ" ಎಂದು ಅವರು ನಗುತ್ತಿದ್ದರು. ಮಗಳು ಲೋಹಿತಾಳನ್ನು ನರ್ಸಿಂಗ್ ಓದಲು ಕಳಿಸುವಾಗ ಒಮ್ಮೆ ಗಂಡನಿಗೆ ಎದುರು ನಿಂತದ್ದು ಬಿಟ್ಟರೆ, ಬಾಕಿ ಬದುಕನ್ನೆಲ್ಲ ಅವಳು "ಆಯ್ತು ಬುಡಿ" ಎಂಬ ಮಾತಿನಲ್ಲೇ ದಾಟಿಸಿದ್ದಳು.

ನಾಯಿಯನ್ನು ತಂದವಳೂ ಲೋಹಿತಾಳೇ. ಹೈಸ್ಕೂಲಿಗೆ ಹೋಗುವಾಗ ಒಂದು ಸಂಜೆ ಸ್ಕೂಲ್ ಬ್ಯಾಗಿನಿಂದ ಪುಸ್ತಕ ತೆಗೆಯುವ ಬದಲು ಕಂದುಬಣ್ಣದ ಮರಿಯೊಂದನ್ನು ತೆಗೆದು ನೆಲದ ಮೇಲಿಟ್ಟಳು. ಪುಸ್ತಕಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ಪಪ್ಪಿ ಎಂದು ಕರೆದರು. ಹಲ್ಲುದುರಿ, ಮೂತಿ ಬೆಳ್ಳಗಾಗಿ, ಮೂರು ಸೂಲು ಹೆತ್ತ ಮೇಲೂ ಅದು ಪಪ್ಪಿಯೇ. ಅದು ಕಲಿತ ಕೆಲಸ ಒಂದೇ, ಕಾಯುವುದು. ಲೋಹಿತಾ ಇಳಿಯುವ ಬಸ್ಸಿಗಾಗಿ ಸ್ಟಾಪಿನ ಕಲ್ಲುಬೆಂಚಿನ ಕೆಳಗೆ ಹೋಗಿ ಕೂರುತ್ತಿತ್ತು. ಲೋಹಿತಾ ಮದುವೆಯಾಗಿ ಶಿರಾಕ್ಕೆ ಹೋಗಿ, ಅವಳಿಗೊಂದು ಮಗುವಾಗಿ, ಆ ಮಗು ಅಂಗನವಾಡಿಗೆ ಹೋಗತೊಡಗಿದರೂ ಪಪ್ಪಿ ಮಾತ್ರ ಆ ಬಸ್ಸು ತಪ್ಪಿಸಿದ್ದಿಲ್ಲ. "ಲೇ ಪಪ್ಪಿ, ಬಂದಿಲ್ಲ ಕಣೇ, ಮನೆಗೆ ನಡಿ" ಎಂದು ಕಂಡಕ್ಟರುಗಳೇ ಹೇಳುವಷ್ಟು ಅದು ಆ ದಾರಿಗೆ ಗೊತ್ತಿತ್ತು.

ಹೋದ ವರ್ಷ ಹೊಟ್ಟೆಯಡಿ ಮೊಲೆಯ ಹತ್ತಿರ ಒಂದು ಗಂಟು ಕಾಣಿಸಿತು. ಅಡಿಕೆಯಷ್ಟಿದ್ದದ್ದು ನಿಂಬೆಯಾಯಿತು, ನಿಂಬೆಯಿದ್ದದ್ದು ತೆಂಗಿನ ಚಿಪ್ಪಾಯಿತು, ಒಡೆಯಿತು. ಚನ್ನಮಲ್ಲಮ್ಮ ಅರಿಸಿನ, ಬೇವಿನೆಣ್ಣೆ, ಅಂಗಡಿಯ ಪಕ್ಕದ ಮೆಡಿಕಲ್‌ನವನು ಕೊಟ್ಟ ಪುಡಿ, ಎಲ್ಲ ಹಚ್ಚಿದಳು. ಗಾಯ ಮಾಗಲಿಲ್ಲ. ವಾಸನೆ ಹಿತ್ತಿಲಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಪಡಸಾಲೆಗೆ ಬಂತು. ಆ ಶನಿವಾರದ ಹೊತ್ತಿಗೆ ಪಪ್ಪಿ ಅನ್ನ ಮುಟ್ಟುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಲಗಿ, ನೊಣ ಹೊಡೆಯಲೂ ಬಾಲವೆತ್ತದೆ ನೋಡುತ್ತಿತ್ತು.

ಮಾರನೆಯ ದಿನ ಭಾನುವಾರ ಮಗ ಮಲ್ಲೇಶನಿಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಕೊರಟಗೆರೆಯಿಂದ ಮನೆ ನೋಡಲು ಬರುವವರಿದ್ದರು. ಮನೆ ನೋಡುವುದೆಂದರೆ ಬಚ್ಚಲು, ಕೊಟ್ಟಿಗೆ, ಹಿತ್ತಿಲು ಎಲ್ಲವನ್ನೂ ಮೂಸಿ ನೋಡುವುದೇ ತಾನೆ.

ಬೆಳಿಗ್ಗೆ ಪಶುವೈದ್ಯೆ ರಾಧಾಮಣಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಾ ಇವರ ಕೊಟ್ಟಿಗೆಗೂ ಬಂದರು. ಹಸುವಿನದು ಮುಗಿದ ಮೇಲೆ ಚನ್ನಮಲ್ಲಮ್ಮ ಅವರನ್ನು ಒಗೆಯುವ ಕಲ್ಲಿನ ಹತ್ತಿರ ಕರೆದೊಯ್ದಳು. ರಾಧಾಮಣಿ ಕುಕ್ಕರಗಾಲಲ್ಲಿ ಕೂತು ಪಪ್ಪಿಯ ಪಕ್ಕೆ ಒತ್ತಿ ನೋಡಿದರು.

"ಎದೆಗೂ ಹತ್ತಿದೆ ಕಣಮ್ಮ. ಆಪರೇಷನ್ ಮಾತು ಮುಗೀತು. ಇನ್ನೂ ಎಷ್ಟು ದಿನ ಹಿಂಗೆ ನರಳಬೇಕೋ ಹೇಳಕ್ಕಾಗಲ್ಲ. ಇಂಜೆಕ್ಷನ್ ಕೊಟ್ರೆ ನಿದ್ದೇಲಿ ಹೋಗುತ್ತೆ. ಕೊಡ್ಲಾ?"

ಚನ್ನಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

"ಆದ್ರೆ ಮೊದ್ಲು ಗುಂಡಿ. ಆಳವಾಗಿ ತೆಗೆಸಿಡಿ. ಸಂಜೆ ಇದೇ ದಾರೀಲಿ ವಾಪಸ್ ಬರ್ತೀನಿ, ಗುಂಡಿ ನೋಡಿ ಸೂಜಿ ಎತ್ತೋದು. ಹೋದ ತಿಂಗಳು ಒಂದ್ಕಡೆ ಕೊಟ್ಟು ಬಂದೆ. ಮೂರು ದಿನ ಆದ್ಮೇಲೆ ನೋಡಿದ್ರೆ ಹೆಣ ರಸ್ತೆ ಮೋರೀಲಿತ್ತು. ಮುಟ್ಟೋರಿಲ್ಲ ಅಂತ ಮೋರಿಗೆ ತಳ್ಳಿದ್ರಂತೆ, ಕೋಲಲ್ಲಿ."

"ನಾನು ತೆಗೆಸಿಡ್ತೀನಿ. ನೀವು ಬನ್ನಿ."

ಅವಳು ಹಾಗೆ ಹೇಳಿಬಿಟ್ಟಳು. ಆ ಮನೆಯಲ್ಲಿ ಯಾರೂ ಎಂದೂ ಸತ್ತ ಪ್ರಾಣಿಯನ್ನು ಮುಟ್ಟಿದವರಲ್ಲ, ಅದಕ್ಕಾಗಿ ಮಣ್ಣು ಎಳೆದವರಲ್ಲ ಎಂಬುದು ಆಮೇಲೆ ನೆನಪಾಯಿತು.

ಈ ಮಾತನ್ನು ಬಿಡಿಸಿಯೇ ಹೇಳಬೇಕು. ಆ ಊರಿನಲ್ಲಿ ದನ ಸತ್ತರೆ, ನಾಯಿ ಸತ್ತರೆ ಕಾಲೋನಿಗೆ ಹೇಳಿ ಕಳಿಸುತ್ತಿದ್ದರು. ಚಿಕ್ಕನರಸಯ್ಯ ಹಗ್ಗ ಹಿಡಿದು ಬರುತ್ತಿದ್ದ, ಎಳೆದೊಯ್ಯುತ್ತಿದ್ದ. ಮೊರದ ತುಂಬ ರಾಗಿ, ಹಳೇ ಪಂಚೆ ಕೊಟ್ಟರೆ ಋಣ ತೀರಿತು. ಆ ಚಿಕ್ಕನರಸಯ್ಯ ಆರು ವರ್ಷದ ಹಿಂದೆ ತೀರಿಕೊಂಡ. ಮಳೆಗೆ ಹಳ್ಳದ ದಾರಿ ಕೊಚ್ಚಿಹೋಗಿದ್ದರಿಂದ ಅವನ ಮಗ ಯುವರಾಜ್ ಅಪ್ಪನ ಹೆಣವನ್ನು ಊರ ನಡುಬೀದಿಯಲ್ಲಿ ಒಯ್ಯಲು ಹೊರಟ. ಬೀದಿಯವರು ತಡೆದರು. ಬಯ್ಯಲಿಲ್ಲ, ಹೊಡೆಯಲಿಲ್ಲ. ಕೈಮುಗಿದು ತಡೆದರು, ನಯವಾಗಿ. "ಸುತ್ತಿಕೊಂಡು ಹೋಗ್ರಪ್ಪ, ದೇವಸ್ಥಾನ ಅದೆ" ಎಂದರು. ಊರಿನ ಸತ್ತದ್ದನ್ನೆಲ್ಲ ಅದೇ ಬೀದಿಯಲ್ಲಿ, ಅದೇ ದೇವಸ್ಥಾನದ ಮುಂದೆ ಎಳೆದು ಸವೆದವನ ಹೆಣ ಎದೆಮಟ್ಟದ ನೀರಿನಲ್ಲಿ ಹಳ್ಳ ದಾಟಿತು. ಮಾರನೆಯ ದಿನದಿಂದ ಕಾಲೋನಿಯವರು ಊರಿನ ಸತ್ತದ್ದನ್ನು ಮುಟ್ಟುವುದು ನಿಲ್ಲಿಸಿದರು.

ಊರು ಇದರಿಂದ ಏನಾದರೂ ಕಲಿಯಿತೇ? ಕಲಿಯಿತು. ಸತ್ತ ಮೇಲೆ ಎತ್ತುವವರಿಲ್ಲ ಎಂದ ಮೇಲೆ ಬದುಕಿರುವಾಗಲೇ ಎತ್ತಿಬಿಡುವುದನ್ನು ಕಲಿಯಿತು. ಬದುಕಿರುವ ನಾಯಿಯನ್ನು ಮುಟ್ಟಿದರೆ ಮೈಲಿಗೆಯಿಲ್ಲ ನೋಡಿ. ಯೂರಿಯಾ ಚೀಲಕ್ಕೆ ತುಂಬು, ಗಾಡಿಗೆ ಹಾಕು, ಆಂಧ್ರದ ಗಡಿ ದಾಟಿಸು. ಕೈಯೂ ಚೊಕ್ಕ, ಬೀದಿಯೂ ಚೊಕ್ಕ.

ಮಹಾಲಿಂಗಯ್ಯ ಕಾಫಿ ಕುಡಿಯುತ್ತಿದ್ದಾಗ ಚನ್ನಮಲ್ಲಮ್ಮ ಡಾಕ್ಟರ ಮಾತು ಹೇಳಿದಳು.

"ನಾಳೆ ಬೀಗರು ಬರೋ ಮನೇಲಿ ಇವತ್ತು ಹೆಣ ಬೀಳಿಸ್ತಾಳಂತೆ" ಎಂದ ಅವನು, ಮಗನ ಕಡೆ ನೋಡಿ. ಆಮೇಲೆ ಅವಳತ್ತ ತಿರುಗಿದ. "ಹಿತ್ಲಲ್ಲಿ ಗುಂಡಿ ಬೇರೆ. ಯಾರು ತೋಡ್ತಾರೆ, ನಿಮ್ಮಪ್ಪನಾ?"

"ಯಾರನ್ನಾದ್ರೂ ಕೇಳ್ತೀನಿ."

"ಯಾರೂ ಬರಲ್ಲ ಕಣೇ. ನೋಡು, ನಂಗೂ ಅದ್ರ ಮೇಲೆ ಪ್ರೀತಿ ಇಲ್ವಾ? ಬಿಸ್ಕತ್ ಹಾಕ್ದೆ ಅಂಗಡಿ ಬಾಗ್ಲು ತೆಗ್ದಿದೀನಾ? ಅದಕ್ಕೇ ಹೇಳ್ತಿರೋದು, ಕಣ್ಮುಂದೆ ಸಾಯೋದು ನೋಡಕ್ಕಾಗಲ್ಲ. ಎಲ್ಲಾದ್ರೂ ಬಿಟ್ರೆ ಅದ್ರ ಪಾಡಿಗೆ ಅದು…"

ಅವನ ಕಣ್ಣು ನಿಜವಾಗಿಯೂ ತೇವವಾಗಿತ್ತು. ಈ ನಾಡಿನಲ್ಲಿ ಅತಿ ಕ್ರೂರವಾದ ಕೆಲಸಗಳನ್ನೆಲ್ಲ ಮಾಡುವವರು ಇಂಥ ಮೆತ್ತನೆಯ ಮನಸ್ಸಿನವರೇ. ಅವರಿಗೆ ಯಾವುದನ್ನೂ ನೋಡಲಾಗುವುದಿಲ್ಲ. ಅದಕ್ಕೇ ಅದನ್ನು ಇನ್ನೊಬ್ಬರ ಕಣ್ಣ ಮುಂದೆ ಬಿಟ್ಟು ಬರುತ್ತಾರೆ.

ಚನ್ನಮಲ್ಲಮ್ಮ "ಸಂಜೆವರ್ಗೂ ಸುಮ್ನಿರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಒಂದು ಚೀಲಕ್ಕೆ ರಾಗಿ ಸುರಿದುಕೊಂಡಳು. ಮಡಿಚಿಟ್ಟಿದ್ದ ಗಂಡನ ಹಳೇ ಪಂಚೆಯನ್ನೂ ಅದರ ಮೇಲಿಟ್ಟಳು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ ಹಾಗೇ ಮಾಡಿದ್ದಿರಬೇಕು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ತಪ್ಪು ಅಲ್ಲೇ ಇತ್ತು.

ಕಾಲೋನಿಯ ಕೊನೆಯಲ್ಲಿ ಯುವರಾಜನ ಮನೆ. ಮುಂದೆ ಹಳದಿ ಜೆಸಿಬಿ ನಿಂತಿತ್ತು. ಸುತ್ತಲಿನ ಹಳ್ಳಿಗಳ ಕೃಷಿಹೊಂಡ, ಪೈಪ್‌ಲೈನ್, ಪಾಯ, ಎಲ್ಲದಕ್ಕೂ ಅವನದೇ ಗಾಡಿ. ಬಾನೆಟ್ ತೆಗೆದು ಆಯಿಲ್ ನೋಡುತ್ತಿದ್ದ. ಅವನ ತಾಯಿ ಮಂಜಮ್ಮ ಬಾಗಿಲಲ್ಲಿ ಹುಣಸೆಹಣ್ಣಿನ ಬೀಜ ಕುಟ್ಟಿ ತೆಗೆಯುತ್ತಿದ್ದಳು.

"ಓ, ಚನ್ನಮಲ್ಲವ್ವಾರು" ಎಂದು ಮಂಜಮ್ಮ ಏಳಲು ಹೋದಳು. "ಇಷ್ಟು ದೂರ? ಬೀಗ್ರು ಬತ್ತಾರಂತೆ ನಾಳೆ?"

"ಹೂಂ ಕಣಮ್ಮ. ಯುವರಾಜ, ನಿನ್ನಿಂದ ಒಂದು ಉಪಕಾರ ಆಗ್ಬೇಕಿತ್ತಪ್ಪ."

"ಹೇಳಿ ಅಮ್ಮ. ಪಿಟ್ಟಾ, ಪೈಪಾ?"

ಅವಳು ಹೇಳಿದಳು. ಹೇಳುತ್ತಾ ಹೇಳುತ್ತಾ ಚೀಲವನ್ನು ಜಗಲಿಯ ಅಂಚಿಗಿಟ್ಟಳು. ಪಂಚೆಯ ಅಂಚು ಹೊರಗೆ ಕಾಣುತ್ತಿತ್ತು. ಯುವರಾಜ್ ಅದನ್ನು ನೋಡಿದ. ಬಟ್ಟೆಯ ಚೂರಿನಿಂದ ಕೈಯ ಆಯಿಲನ್ನು ನಿಧಾನವಾಗಿ ಒರೆಸಿಕೊಂಡ.

"ಅಮ್ಮ, ಒಂದ್ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ಮನೆಯಿಂದ ಇಲ್ಲೀವರ್ಗೂ ಎಷ್ಟು ಮನೆ ದಾಟಿ ಬಂದ್ರಿ?"

ಚನ್ನಮಲ್ಲಮ್ಮ ಬಂದ ದಾರಿಯ ಕಡೆ ತಿರುಗಿ ನೋಡಿದಳು.

"ದಾರೀಲಿ ಗಟ್ಟಿಮುಟ್ಟಾಗಿರೋ ಗಂಡಸ್ರು ಎಷ್ಟು ಜನ ಕೂತಿದ್ರು? ಅರಳಿಕಟ್ಟೆ ಮೇಲೆ ಇಸ್ಪೀಟ್ ಆಡ್ತಿದ್ರಲ್ಲ, ಅವ್ರಿಗೂ ಕೈಯವೆ. ಅವ್ರನ್ನ ಯಾಕೆ ಕೇಳ್ಲಿಲ್ಲ?"

"ಹೋಗ್ಲಿ ಬುಡ್ಲಾ" ಎಂದಳು ಮಂಜಮ್ಮ. "ಹೆಣ್ಣೆಂಗ್ಸು, ಮನೆಗಂಟ ಬಂದವ್ಳೆ. ಒಂದ್ ಗುಂಡಿ ತಾನೆ. ನಿಂಗಾಗ್ದಿದ್ರೆ ನಾನೋಗ್ತೀನಿ."

"ನೀನು ಕದಲಿದ್ರೆ ನೋಡವ್ವ ಮತ್ತೆ. ಅಪ್ಪನ್ನ ಹಳ್ಳದಾಗೆ ಹೊತ್ತಾಗ ನೀರು ನನ್ನ ಎದೆಮಟ್ಟ ಬಂದಿತ್ತು. ಅವತ್ತು ಈ ಅಮ್ಮಾರ ಮನೆಯೋರೂ ಕೈ ಮುಗ್ದಿದ್ರು ಬೀದೀಲಿ." ಅವನು ದನಿ ಏರಿಸಲಿಲ್ಲ. ಚನ್ನಮಲ್ಲಮ್ಮನ ಕಡೆ ತಿರುಗಿದ. "ಗುಂಡಿ ತೋಡೋದೇ ನನ್ನ ಹೊಟ್ಟೆಪಾಡು. ಮನೆ ಕಟ್ತೀನಿ ಅಂದ್ರೆ ಈಗ್ಲೇ ಬತ್ತೀನಿ. ಸತ್ತ ನಾಯಿ ಅಂದ್ ತಕ್ಷಣ ನಿಮ್ಮ ಕಾಲು ತಾನಾಗೇ ನಮ್ಮನೆ ದಾರಿ ಹಿಡೀತದಲ್ಲ, ಅದಕ್ಕೆ ನಾನು ಬರಲ್ಲ."

ಚನ್ನಮಲ್ಲಮ್ಮನ ಮುಖ ಕಾದಿತು. ಆ ಮೆರವಣಿಗೆ ತಡೆದ ದಿನ ಅವಳು ಕಿಟಕಿಯಿಂದ ನೋಡಿದ್ದಳು. ಅಯ್ಯೋ ಪಾಪ ಎಂದು ಒಳಗೆ ಹೋಗಿ ಒಗ್ಗರಣೆ ಹಾಕಿದ್ದಳು. ಅವನು ಹೇಳಿದ್ದರಲ್ಲಿ ಸುಳ್ಳಾದ ಒಂದು ಮಾತಿಗಾಗಿ ಹುಡುಕಿದಳು, ಸಿಗಲಿಲ್ಲ.

"ನಾನೇ ತೋಡ್ತೀನಿ" ಎಂದಳು ಕೊನೆಗೆ. ಹೇಳಿದ್ದು ತನಗೇ. ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದಳು, "ಮನೇಲಿ ಹಾರೆ ಇಲ್ಲ."

ಯುವರಾಜನ ಮುಖದಲ್ಲಿ ಮೊದಲ ಸಲ ನಗುವಿನಂಥದ್ದೇನೋ ಸುಳಿಯಿತು. ಗಾಡಿಯ ಹಿಂದಿನಿಂದ ಕಬ್ಬಿಣದ ಹಾರೆಯೊಂದನ್ನು ತಂದು ಅವಳ ಮುಂದೆ ನೆಟ್ಟ.

"ಹಾರೆ ಕೊಡ್ತೀನಿ ಅಮ್ಮ. ಕೈ ಕೊಡಲ್ಲ. ಆ ಚೀಲ ವಾಪಸ್ ತಗಂಡೋಗಿ."

ಒಂದು ಕೈಯಲ್ಲಿ ರಾಗಿಚೀಲ, ಇನ್ನೊಂದರಲ್ಲಿ ಹಾರೆ ಹಿಡಿದು ಅವಳು ನಡುಬೀದಿಯಲ್ಲಿ ನಡೆದಳು. ಅರಳಿಕಟ್ಟೆಯ ಇಸ್ಪೀಟು ನಿಂತಿತು.

ಹಿತ್ತಿಲಿಗೆ ಹೋದರೆ ಒಗೆಯುವ ಕಲ್ಲಿನ ಪಕ್ಕ ನೀರಿನ ಚಿಪ್ಪು ಬೋರಲು ಬಿದ್ದಿತ್ತು. ಹಾಸಿದ್ದ ಗೋಣಿ ಖಾಲಿ. ರಾಗಿಚೀಲವನ್ನು ಅಲ್ಲೇ ಕೆಳಗೆ ಹಾಕಿ ಪಡಸಾಲೆಗೆ ಬಂದಳು. ಮಹಾಲಿಂಗಯ್ಯ ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆ ಮಾಡುತ್ತಿರಲಿಲ್ಲ.

"ಪಪ್ಪಿ ಎಲ್ಲಿ?"

"ಎಲ್ಲೋ ಹೋಯ್ತು."

"ಮಲ್ಲೇಶ ಎಲ್ಲಿ?"

"ಲಕ್ಷ್ಮೀಪತಿ ಆಟೋದಲ್ಲಿ ಲೋಡ್ ಇಳಿಸಕ್ಕೆ ಹೋಗವ್ನೆ."

ಅವಳು ಸ್ಟಾಪಿಗೆ ಓಡಿದಳು. ಹಿಂದೂಪುರದ ಬಸ್ಸು ಆಗಷ್ಟೇ ಹೊರಡುತ್ತಿತ್ತು. ಹತ್ತಿ ಕಂಬಿ ಹಿಡಿಯಲು ಹೋದಾಗ ಕಂಡಕ್ಟರ್ ಹಿಂದೆ ಸರಿದ.

"ಅಮ್ಮೋ, ಯಾರನ್ನ ಮುಗಿಸ್ಲಿಕ್ಕೆ ಹೊರಟ್ರಿ? ಅದನ್ನ ಕೆಳಗೆ ಮಲಗ್ಸಿ, ಯಾರ ಕಾಲ ಮೇಲಾದ್ರೂ ಬಿದ್ದಾತು."

ಹಾರೆ ಇನ್ನೂ ಕೈಯಲ್ಲೇ ಇತ್ತು. ಸೀಟಿನ ಕೆಳಗೆ ಅದನ್ನು ಹೊರಳಿಸಿ, ಎರಡೂ ಕಾಲಿನಿಂದ ಒತ್ತಿ ಹಿಡಿದು ಕೂತಳು. ಕಿಟಕಿಯಾಚೆ ರಸ್ತೆಯ ಅಂಚನ್ನೇ ನೋಡುತ್ತಾ ಹೋದಳು. ಕಂದುಬಣ್ಣದ ಪ್ರತಿಯೊಂದು ಕಲ್ಲೂ ಎದೆ ಹಾರಿಸುತ್ತಿತ್ತು. ಸಂಜೆ ಡಾಕ್ಟರ್ ಬರುತ್ತಾರೆ. ಗುಂಡಿಯಿಲ್ಲ, ನಾಯಿಯೂ ಇಲ್ಲ. ಪಪ್ಪಿ ಗಾಡಿಯ ಹಿಂದೆ ಓಡಲು ಹೋಗಿ ಲಾರಿಗೆ ಸಿಕ್ಕಿದ್ದರೆ? ಓಡಲು ಅದಕ್ಕೆ ಕಾಲಿಲ್ಲ ಎಂಬುದನ್ನು ನೆನೆದು ಸಮಾಧಾನಪಟ್ಟುಕೊಂಡಳು. ಎಂಥ ಸಮಾಧಾನ.

ಆಂಧ್ರದ ಬೋರ್ಡು ದಾಟಿದ ಕೂಡಲೇ ಹುಣಸೆಮರಗಳ ಸಾಲು, ಕದಿರಯ್ಯನೆಂಬ ಮುದುಕನ ಟೀ ಅಂಗಡಿ. ಬಿಟ್ಟು ಬರುವವರೆಲ್ಲ ಬಿಡುವುದು ಅಲ್ಲೇ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚನ್ನಮಲ್ಲಮ್ಮ ಇಳಿದಳು. ಮರಗಳ ಕೆಳಗೆ ನಾಯಿಗಳಿದ್ದವು. ಒಂದಕ್ಕೆ ಎರಡೂ ಕಣ್ಣು ಬೆಳ್ಳಗಾಗಿದ್ದವು. ಒಂದು ಮೂರು ಕಾಲಿನದು. ಇನ್ನೊಂದರ ಕುತ್ತಿಗೆಯಲ್ಲಿ ಕೆಂಪು ಬೆಲ್ಟು, ಗೆಜ್ಜೆ ಸಮೇತ. ಯಾವುದೂ ಬೊಗಳಲಿಲ್ಲ. ಎಲ್ಲವೂ ಕರ್ನಾಟಕದ ಕಡೆ ಮುಖ ಮಾಡಿ ಮಲಗಿದ್ದವು. ಬೈಕೊಂದು ಬಂದರೆ ತಲೆಗಳು ಏಳುತ್ತಿದ್ದವು, ಹೋದರೆ ಇಳಿಯುತ್ತಿದ್ದವು.

"ಏಮಮ್ಮಾ, ನುವ್ವು ಕೂಡಾ ದಿಂಪೇದಾನಿಕಾ ವಚ್ಚಿಂದಿ?" ಎಂದ ಕದಿರಯ್ಯ, ಹಾರೆಯನ್ನು ನೋಡುತ್ತಾ. ನೀನೂ ಬಿಟ್ಟು ಹೋಗಲು ಬಂದವಳಾ ಎಂದು.

"ಇಲ್ಲಪ್ಪ. ಬಿಟ್ಟಿದ್ದನ್ನ ಹುಡುಕ್ಕಂಡು ಬಂದೆ. ಕಂದು ಬಣ್ಣ, ಮೂತಿ ಬೆಳ್ಳಗೆ."

ಕದಿರಯ್ಯ ಟೀ ಸೋಸುವುದನ್ನು ನಿಲ್ಲಿಸಿದ. "ಹುಡುಕ್ಕಂಡಾ? ಇಷ್ಟು ವರ್ಷದಾಗೆ ನೀನೇ ಮೊದ್ಲು ತಲ್ಲೀ. ನಿಮ್ಮೋರು ಎಲ್ರೂ ಒಂದೇ ತರ. ಚೀಲ ಬಿಚ್ತಾರೆ, ಒಂದು ಬಿಸ್ಕತ್ ಎಸೀತಾರೆ, ತಿರುಗಿ ನೋಡ್ದಂಗೆ ಹೋಗ್ತಾರೆ. ಆ ಬಿಸ್ಕತ್ ಮಾತ್ರ ತಪ್ಪಲ್ಲ. ಮೀ ಊರ್ಲೋ ಮಣ್ಣು ಲೇದಾ, ಇಲ್ವಾ ಮಣ್ಣು?" ಆಮೇಲೆ ಕೊನೆಯ ಮರದ ಕಡೆ ಕೈ ತೋರಿಸಿದ.

ಪಪ್ಪಿ ಬೇರಿನ ಸಂದಿಯಲ್ಲಿ ಬಿದ್ದಿತ್ತು. ಮುಂದೆ ಬಿಸ್ಕತ್ತಿತ್ತು, ಇರುವೆ ಮುತ್ತಿತ್ತು. ಮುಖ ರಸ್ತೆಯ ಕಡೆಗೇ. ಅವಳು ಹತ್ತಿರ ಹೋಗಿ ಹೆಸರು ಕರೆದಾಗ ಬಾಲದ ತುದಿ ಮಣ್ಣಿನಲ್ಲಿ ಒಂದು ಸಲ ಆಡಿತು. ದೂರಿಲ್ಲ, ಸಿಟ್ಟಿಲ್ಲ. ಬರುತ್ತಾರೆಂದು ಗೊತ್ತಿತ್ತು, ಬಂದರು, ಅಷ್ಟೇ ಎಂಬಂತೆ ಅವಳ ಪಾದದ ಮೇಲೆ ಗಲ್ಲವಿಟ್ಟಿತು. ಚನ್ನಮಲ್ಲಮ್ಮ ಅಲ್ಲೇ ಕೂತು ಫೋನ್ ತೆಗೆದಳು.

"ಮಲ್ಲೇಶ."

"ಅಮ್ಮ, ಲೋಡ್ ಇಳಿಸ್ತಿದೀವಿ. ಆಮೇಲೆ ಮಾಡ್ಲಾ?"

"ಲೋಡ್ ನನ್ ಕಾಲ ಮೇಲೆ ಮಲಗದೆ. ಹುಣಸೆಮರದ ಕೆಳಗೆ ಕೂತಿದೀನಿ."

ಆ ಕಡೆ ಕೇಳುತ್ತಿದ್ದ ಆಟೋದ ಸದ್ದು ನಿಂತಿತು.

"ನಾಳೆ ಬೀಗ್ರು ಬಂದು ಹುಡುಗನ ತಾಯಿ ಎಲ್ಲಿ ಅಂದ್ರೆ, ಆಂಧ್ರದಾಗೆ ಬಿಟ್ಟು ಬಂದ್ವಿ, ಅವಳ ಪಾಡಿಗೆ ಅವಳು ಇರ್ತಾಳೆ ಅನ್ನು."

"ಅಮ್ಮ, ಅಪ್ಪ ಹೇಳಿದ್ದಕ್ಕೆ…"

"ನಿಂಗೆ ಮದುವೆ ಮಾಡ್ತಿರೋದು, ನಾಮಕರಣ ಅಲ್ಲ. ಅಪ್ಪ ಹೇಳ್ದ ಅಂತೀಯಲ್ಲ. ನಾಳೆ ನಾನು ಹಾಸಿಗೆ ಹಿಡಿದ್ರೆ, ನಾತ ಬಂದ್ರೆ, ಅಪ್ಪ ಹೇಳಿದ್ರೆ ನನ್ನ ಯಾವ ಚೀಲಕ್ಕೆ ತುಂಬ್ತೀಯೋ ನೋಡ್ಕ. ಆಟೋ ತಿರುಗಿಸು. ಜಮಖಾನ ತಗಂಡು ಬಾ."

ಆಟೋ ಬಂತು. ಮಲ್ಲೇಶ ಇಳಿದು ತಾಯಿಯ ಮುಖ ನೋಡದೆ ನಿಂತ. ಡ್ರೈವರ್ ಲಕ್ಷ್ಮೀಪತಿ ಮಾತ್ರ, "ಅಮ್ಮಾರೆ, ನಾನು ಬರೀ ಬಾಡಿಗೆಗೆ ಬಂದೋನು, ಆ ಹಾರೆ ನನ್ ಕಡೆ ತಿರುಗಿಸ್ಬ್ಯಾಡಿ" ಎಂದ. ಯಾರೂ ನಗಲಿಲ್ಲ. ಪಪ್ಪಿಯನ್ನು ಜಮಖಾನದಲ್ಲಿ ಮಲಗಿಸಿ ಹಿಂದಕ್ಕೆ ಹತ್ತಿಸಿದಾಗ ಉಳಿದ ನಾಯಿಗಳು ಎದ್ದು ನಿಂತು ನೋಡಿದವು. ಕೆಂಪು ಬೆಲ್ಟಿನದು ಆಟೋದ ಹಿಂದೆ ಸ್ವಲ್ಪ ದೂರ ಓಡಿಬಂತು. ಚನ್ನಮಲ್ಲಮ್ಮ ಮುಖ ತಿರುಗಿಸಿಕೊಂಡಳು. ಎಲ್ಲವನ್ನೂ ತರಲು ಅವಳಿಂದಾಗುತ್ತಿರಲಿಲ್ಲ. ಅವೂ ಯಾರದೋ ಮನೆಯವು.

ಮನೆ ಸೇರುವಾಗ ಬಿಸಿಲು ಇಳಿದಿತ್ತು. ನೀರನ್ನೂ ಕುಡಿಯದೆ ಅವಳು ಹಿತ್ತಿಲ ಕರಿಬೇವಿನ ಗಿಡದ ಆಚೆ ಹಾರೆ ಹಾಕಿದಳು. ನಮ್ಮ ಕಡೆಯ ನೆಲ ಗೊತ್ತಲ್ಲ, ಮೇಲೆ ಒಂದು ಗೇಣು ಕೆಮ್ಮಣ್ಣು, ಕೆಳಗೆಲ್ಲ ಗರಸು. ಹಾರೆ ಟಣ್ಣೆಂದು ಹಾರಿ ಬರುತ್ತಿತ್ತು. ಕಳೆ ಕಿತ್ತು ಗೊತ್ತಿದ್ದ ಕೈಗೆ ಈ ಭಾರ ಹೊಸದು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು.

ಮಹಾಲಿಂಗಯ್ಯ ಹಿಂಬಾಗಿಲಿಗೆ ಬಂದ. "ಕೊರಳಲ್ಲಿ ಲಿಂಗ ಕಟ್ಕಂಡು ನಾಯಿಗೆ ಗುಂಡಿ ತೋಡ್ತೀಯಾ? ನಾಳೆ ಬೀಗ್ರ ಮುಂದೆ ಹೆಂಗೆ ತಲೆ ಎತ್ಲಿ?"

"ಲಿಂಗ ಎದೆ ಮೇಲದೆ, ಅದಕ್ಕೇನೂ ತೊಂದ್ರೆ ಆಗಿಲ್ಲ. ನಿಮ್ಗೆ ನೋಡಕ್ಕಾಗದಿದ್ರೆ ಒಳಕ್ಕೋಗಿ."

ಪಕ್ಕದ ಮನೆಯ ದೊಡ್ಡರಂಗಯ್ಯ ಕಾಂಪೌಂಡಿನ ಮೇಲೆ ತಲೆ ಹಾಕಿದ. "ಕಾಲೋನಿಯೋರಿಗೆ ಹೇಳಿ ಕಳ್ಸಿದ್ರೆ ಆಗ್ತಿರ್ಲಿಲ್ವಾ ತಾಯಿ?"

"ನಿಮ್ಮ ಕೈಗೆ ಏನಾಗದೆ ರಂಗಣ್ಣ? ಬನ್ನಿ, ಆ ಗುದ್ದಲಿ ಹಿಡೀರಿ."

ತಲೆ ಕೆಳಗಿಳಿಯಿತು.

ರಾಧಾಮಣಿ ಸ್ಕೂಟರ್ ನಿಲ್ಲಿಸಿ ಬಂದಾಗ ಗುಂಡಿ ಮೊಣಕಾಲಿಗೂ ಬಂದಿರಲಿಲ್ಲ. ಅವರು ಬಗ್ಗಿ ನೋಡಿದರು. "ಇದು ಸಾಲಲ್ಲ ಅಮ್ಮ. ರಾತ್ರಿನೇ ಬೇರೆ ನಾಯಿಗಳು ಕೆದರ್ತವೆ. ಬೆಳಕು ಹೋದ್ರೆ ನರ ಕಾಣಲ್ಲ, ನಾನು ಸೂಜಿ ಹಾಕಲ್ಲ." ಪಪ್ಪಿಯ ಉಸಿರು ಈಗ ಗರಗಸ ಎಳೆದಂತೆ ಕೇಳುತ್ತಿತ್ತು. ಇಂದು ಆಗದಿದ್ದರೆ ರಾತ್ರಿಯೆಲ್ಲ ಹೀಗೆ, ನಾಳೆ ಬೀಗರು, ನಾಡಿದ್ದು ಮತ್ತೆ ಚೀಲ. ಚನ್ನಮಲ್ಲಮ್ಮ ಹಾರೆ ಎತ್ತಿದಳು. ಒಡೆದ ಅಂಗೈಯಲ್ಲಿ ಹಿಡಿತ ನಿಲ್ಲಲಿಲ್ಲ. ಹಾರೆ ಅಡ್ಡ ಬಿತ್ತು.

ಗೋಡೆಗೆ ಒರಗಿ ನಿಂತಿದ್ದ ಮಲ್ಲೇಶ ಬಂದು ಹಾರೆ ತೆಗೆದುಕೊಂಡ. "ನೀನು ಮೇಲೆ ಹೋಗಮ್ಮ."

"ಹೋಗಲ್ಲ. ನೀನು ಅಗಿ, ನಾನು ಮಣ್ಣು ಎಳೀತೀನಿ."

ತಾಯಿ ಮಗ ಸೇರಿ ತೋಡಿದರು. ಮಗನ ಶರ್ಟು ಬೆವರಿನಲ್ಲಿ ಬೆನ್ನಿಗಂಟಿತು. ರಾಧಾಮಣಿ ಗಡಿಯಾರ ನೋಡುತ್ತಾ, ಆಕಾಶ ನೋಡುತ್ತಾ ಕೂತಿದ್ದರು. ಮಲ್ಲೇಶ ಸೊಂಟದವರೆಗೆ ಒಳಗೆ ನಿಂತಾಗ ಅವರು ಪೆಟ್ಟಿಗೆ ತೆರೆದರು.

"ಒಂದ್ನಿಮಿಷ" ಎಂದಳು ಚನ್ನಮಲ್ಲಮ್ಮ. ಮಣ್ಣುಗೈಯಲ್ಲೇ ಶಿರಾಕ್ಕೆ ಫೋನ್ ಮಾಡಿ, "ಪಪ್ಪಿ ಹೊರಟದೆ, ಒಂದ್ಮಾತು ಆಡು" ಎಂದು ಪಪ್ಪಿಯ ಕಿವಿಯ ಹತ್ತಿರ ಹಿಡಿದಳು. ಆ ಕಡೆಯಿಂದ ಲೋಹಿತಾ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ಅಳದೆ, ದಿನವೂ ಬಸ್ಸಿಳಿದು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು. "ಏ ಪಪ್ಪಿ, ಊಟ ಆಯ್ತೇನೇ? ಬಂದೆ ತಡಿ, ಬಂದೆ."

ಬಿದ್ದುಹೋಗಿದ್ದ ಎಡಗಿವಿ ನೆಟ್ಟಗಾಯಿತು. ಮೊದಲ ಸೂಜಿ ಆ ಹೊತ್ತಿಗೆ ಒಳಗೆ ಹೋಗಿತ್ತು. ಕಿವಿ ಹಾಗೇ ಇದ್ದು, ನಿಧಾನವಾಗಿ ಮಲಗಿತು. ಎರಡನೆಯದರ ನಂತರ ಗರಗಸದ ಸದ್ದು ನಿಂತಿತು. ಚನ್ನಮಲ್ಲಮ್ಮನ ಕೈ ಅದರ ಪಕ್ಕೆಯ ಮೇಲಿತ್ತು. ನಿಂತದ್ದು ಅವಳಿಗೆ ಡಾಕ್ಟರಿಗಿಂತ ಮೊದಲು ತಿಳಿಯಿತು.

ಈಗ ಎತ್ತಬೇಕಿತ್ತು. ಗಡಿಯಲ್ಲಿ ಎತ್ತುವಾಗ ಅದಕ್ಕೆ ಉಸಿರಿತ್ತು. ಈಗ ಅದು ಹೆಣ. ಅವಳು ತಲೆಯ ಕಡೆ ಕೈ ಹಾಕಿದಳು. ಮಲ್ಲೇಶ ಕಾಲುಗಳ ಹತ್ತಿರ ಬಗ್ಗಿದ, ಅರ್ಧಕ್ಕೇ ನಿಂತ. ಅವನ ಕಣ್ಣು ತಾನಾಗಿ ಹಿತ್ತಿಲ ಗೇಟಿನ ಕಡೆ ಹೋಯಿತು. ಯಾರೋ ಹಗ್ಗ ಹಿಡಿದು ಬರಬೇಕೆಂಬಂತೆ.

"ಯಾರೂ ಬರಲ್ಲ ಮಗ" ಎಂದಳು ಅವಳು. "ಹಿಡಿ."

ಅವನು ಹಿಡಿದ. ಮಹಾಲಿಂಗಯ್ಯ ಹಿಂಬಾಗಿಲ ಮೆಟ್ಟಿಲಿನ ಮೇಲೆ ನಿಂತೇ ಇದ್ದ, ಕೆಳಗಿಳಿಯಲಿಲ್ಲ. ಮಣ್ಣೆಲ್ಲ ಮುಚ್ಚಿ ಮುಗಿದ ಮೇಲೆ, "ಕೈಕಾಲು ತೊಳ್ಕಳಿ, ಬಿಸಿನೀರು ಇಟ್ಟಿದೀನಿ" ಎಂದ. ಅವನಿಂದ ಆದದ್ದು ಅಷ್ಟು.

ಭಾನುವಾರ ಬೀಗರು ಬಂದರು. ಹುಡುಗಿಯ ತಾಯಿ ಮನೆಯೆಲ್ಲ ನೋಡಿ, ಹಿತ್ತಿಲಿನ ಹಸಿ ಮಣ್ಣನ್ನೂ ನೋಡಿ, ಕಾಫಿ ಕೊಡಲು ಬಂದ ಚನ್ನಮಲ್ಲಮ್ಮನ ಬಟ್ಟೆ ಸುತ್ತಿದ ಅಂಗೈಗಳನ್ನು ನೋಡಿದಳು.

"ಕೈಗೇನಾತು ಬೀಗಿತ್ತಿ?"

ಮಹಾಲಿಂಗಯ್ಯ ಕೆಮ್ಮಿದ. ಗೊಬ್ಬರದ ಮೂಟೆ ಎಂದು ಹೇಳು ಎಂಬಂತೆ ಕಣ್ಣು ಮಾಡಿದ.

"ನಮ್ಮನೆ ನಾಯಿ ತೀರ್ಕಂತು. ನಾನು, ಮಲ್ಲೇಶ ಗುಂಡಿ ತೋಡಿದ್ವಿ."

ಸಂಬಂಧ ಅಲ್ಲೇ ಮುರಿಯುತ್ತದೆಂದು ಮಹಾಲಿಂಗಯ್ಯ ಕಣ್ಣು ಮುಚ್ಚಿಕೊಂಡ. ಹುಡುಗಿಯ ತಾಯಿ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ, ತನ್ನ ಗಂಡನಿಗೆ ಕೇಳಿಸಲೆಂದೋ ಏನೋ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. "ನಮ್ಮನೇಲೂ ಒಂದದೆ. ವಯಸ್ಸಾಗದೆ ಅದಕ್ಕೆ."

ನಿಮ್ಮ ಮನೆಯಲ್ಲೂ ಒಂದಿದೆ. ಜಗಲಿಯ ಕೆಳಗೆ ಮಲಗಿ, ನಿಮ್ಮ ಗಾಡಿಯ ಸದ್ದಿಗೆ ಇನ್ನೂ ತಲೆ ಎತ್ತಲು ನೋಡುತ್ತದೆ. ಅದಕ್ಕೆ ನೋವು ಹೆಚ್ಚಾದ ದಿನ ವೈದ್ಯರನ್ನು ಕರೆಯಿರಿ. ಕಣ್ಣು ತಪ್ಪಿಸಿಕೊಳ್ಳದೆ ತಲೆಯ ಹತ್ತಿರ ಕೂರಿ. ಗುಂಡಿಯನ್ನು ನೀವೇ ತೋಡಿ, ನಿಮ್ಮ ಎರಡು ಕೈಯಿಂದಲೇ ಎತ್ತಿ ಮಲಗಿಸಿ. ಇನ್ನೊಬ್ಬರ ಮನೆಯ ಬಾಗಿಲು ತಟ್ಟಬೇಡಿ.